ಮಗಳಿಗೊಂದು ಪತ್ರ: ಪೆನ್ಸಿಲಿನಲ್ಲಿ ಬರೆದ ಶಾಲೆಯ ಹೆಸರು

ಕೆಲಗೇರಿ, ಧಾರವಾಡ
ಮಾರ್ಚ್, ಗುರುವಾರ ರಾತ್ರಿ

ನನ್ನ ಪುಟ್ಟವ್ವಗೆ ಅವ್ವನ ಆಶೀರ್ವಾದ.

ಒಂದೇ ಮನೆಯಲ್ಲಿದ್ದುಕೊಂಡು ಪತ್ರ ಯಾಕೆ ಅಂತ ನಿನಗೆ ಅನ್ನಿಸಬಹುದು. ಎದುರಿಗೆ ಕೂತು ಮಾತು ತೆಗೆದರೆ ನೀನು ಎರಡೇ ಮಾತಿಗೆ "ಹೂಂ ಅವ್ವಾ, ನಡೀತೈತಿ" ಅಂದು ಎದ್ದು ಹೋಗುತ್ತೀ. ನಾನೂ ಅಷ್ಟಕ್ಕೇ ಸಮಾಧಾನ ಮಾಡಿಕೊಳ್ಳುತ್ತೇನೆ. ಇಷ್ಟು ವರ್ಷ ಹಾಗೇ ಆಯಿತು. ಈ ಸಲ ಹಾಗೆ ಆಗಬಾರದು ಅಂತ ಬರೆಯಲು ಕೂತಿದ್ದೇನೆ.

ಮೊನ್ನೆ ಭಾನುವಾರ ಕರೀ ಟ್ರಂಕು ತೆಗೆದು ಹಳೇ ಪುಸ್ತಕ ಆರಿಸುತ್ತಿದ್ದೆನಲ್ಲ, ಓಣಿಯ ಹುಡುಗರಿಗೆ ಕೊಡೋಣ ಅಂತ. ಎಂಟನೇ ಕ್ಲಾಸಿನ ನೋಟ್‌ಬುಕ್ಕಿನ ಲೇಬಲ್ ಕಣ್ಣಿಗೆ ಬಿತ್ತು. ನಿನ್ನ ಹೆಸರು ನೀಲಿ ಪೆನ್ನಿನಲ್ಲಿ, ದುಂಡಗೆ. ಕ್ಲಾಸು, ವಿಷಯ, ರೋಲ್ ನಂಬರು ಎಲ್ಲ ಪೆನ್ನಿನಲ್ಲಿ. ಶಾಲೆಯ ಹೆಸರು ಮಾತ್ರ ಪೆನ್ಸಿಲಿನಲ್ಲಿ. ಬರೆಯುವಾಗ ಪೆನ್ನು ಕೈಕೊಟ್ಟಿರಬೇಕು ಅಂದುಕೊಂಡೆ. ಎರಡನೆಯದು ನೋಡಿದೆ, ಅದೂ ಹಾಗೇ. ಎಂಟೂ ನೋಟ್‌ಬುಕ್ಕು ಹಾಗೇ.

ನಾನು ಅಲ್ಲೇ ನೆಲದ ಮೇಲೆ ಕೂತು ಹಿಂದಿನವನ್ನೆಲ್ಲ ತೆಗೆದೆ. ಏಳನೇ ಕ್ಲಾಸಿನವು ಪೆನ್ಸಿಲು. ಸಿಕಂದರಾಬಾದಿನ ಆರನೇ ಕ್ಲಾಸಿನವು ಪೆನ್ಸಿಲು. ಐದನೇ ಕ್ಲಾಸಿನವು ಎರಡು ತರಹ ಇದ್ದವು. ಅಕ್ಟೋಬರಿನ ನಂತರ ಸಿಕಂದರಾಬಾದಿನಲ್ಲಿ ಕೊಂಡವು ಪೆನ್ಸಿಲು. ಅದಕ್ಕೂ ಮೊದಲು ಪಠಾಣ್‌ಕೋಟಿನಲ್ಲಿ ಶುರು ಮಾಡಿದ್ದವು ಪೆನ್ನು, ಮೂಲೆಯಲ್ಲಿ ನಕ್ಷತ್ರದ ಸ್ಟಿಕರ್. ಆದರೆ ಆ ಲೇಬಲ್‌ಗಳ ಮೇಲೆ ಶಾಲೆಯ ಹೆಸರನ್ನು ಕಾಗದ ಹರಿಯುವ ಹಾಗೆ ಗೀಚಿ ಹಾಕಿದ್ದಿ.

ಹತ್ತು ವರ್ಷದ ಹುಡುಗಿ ಒಂದು ಸಲ ಗೀಚಿ ಹಾಕಬೇಕಾಯಿತು. ಮತ್ತೆ ಗೀಚುವುದು ಬೇಡ ಅಂತ ಆಮೇಲೆ ಪೆನ್ಸಿಲು ಹಿಡಿದಳು. ಯಾರಿಗೂ ಹೇಳಲಿಲ್ಲ. ಅದೇ ಟ್ರಂಕಿನ ಮುಚ್ಚಳದ ಮೇಲೆ ನಿನ್ನ ಅಪ್ಪನ ಹೆಸರು, ಸೈನ್ಯದ ನಂಬರು, ಅದರ ಕೆಳಗೆ ಹೋಗಬೇಕಾದ ಊರು ಬಿಳೀ ಬಣ್ಣದಲ್ಲಿ ಬರೆದಿದೆಯಲ್ಲ. ಪ್ರತಿ ಪೋಸ್ಟಿಂಗಿಗೂ ಹಳೇ ಊರಿನ ಮೇಲೆ ಕರೀ ಬಣ್ಣ ಬಳಿದು ಹೊಸ ಊರು ಬರೆಸುತ್ತೇವೆ. ಬೆರಳಾಡಿಸಿದರೆ ಅಡಿಯಲ್ಲಿ ಬೆಳಗಾವಿ ಇನ್ನೂ ಉಬ್ಬಾಗಿ ಕೈಗೆ ಹತ್ತುತ್ತದೆ. ನಾವು ದೊಡ್ಡವರು ಟ್ರಂಕಿನ ಮೇಲೆ ಮಾಡಿದ್ದನ್ನು ನೀನು ನಿನ್ನ ಲೇಬಲ್ ಮೇಲೆ ಮಾಡಿದ್ದಿ.

ಪಠಾಣ್‌ಕೋಟ್ ಬಿಟ್ಟ ದಿನ ನಿನಗೆ ನೆನಪಿದೆ ಅಂತ ನನಗೆ ಗೊತ್ತು. ಶಾಲೆಯ ವಾರ್ಷಿಕೋತ್ಸವಕ್ಕೆ ಹನ್ನೆರಡು ದಿನ ಉಳಿದಿತ್ತು. ಗ್ರೂಪ್ ಡ್ಯಾನ್ಸಿನಲ್ಲಿ ನೀನು ಮುಂದಿನ ಸಾಲು. ಹಸಿರು ಲಂಗಕ್ಕೆ ನಾನೇ ಕೂತು ಜರಿ ಹಚ್ಚಿದ್ದೆ. ಅದನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕುವಾಗ ನೀನು ಬಾಗಿಲಲ್ಲಿ ನಿಂತು ನೋಡುತ್ತಿದ್ದಿ. ಬಾಜೂ ಕ್ವಾರ್ಟರ್ಸಿನ ನಿನ್ನ ಗೆಳತಿ ಗಾಡಿಯ ಹತ್ತಿರ ಅಳುತ್ತಾ ನಿಂತಿದ್ದಳು. ನಾನು ನಿನ್ನ ಬೆನ್ನು ತಟ್ಟಿ, "ಅಲ್ಲೆ ಇನ್ನೂ ಛಲೋ ಗೆಳತ್ಯಾರು ಸಿಗ್ತಾರ, ನಡಿ" ಅಂದೆ. ನೀನು ಅಳಲಿಲ್ಲ. ರೈಲಿನಲ್ಲಿ ಎದುರು ಸೀಟಿನ ಹೆಣ್ಣುಮಗಳಿಗೆ ನಾನು ಹೆಮ್ಮೆಯಿಂದ ಹೇಳಿದೆ: ನಮ್ಮ ಹುಡುಗಿ ಫೌಜಿ ಮಗಳು, ಎಲ್ಲಿ ಒಯ್ದರೂ ಹೊಂದಿಕೊಳ್ತಾಳ, ಅಳೂದ ಇಲ್ಲ.

ಆ ಮಾತು ತಪ್ಪಾಯಿತು, ಪುಟ್ಟವ್ವಾ. ಹೊಗಳಿಕೆ ಅಂತ ಹೇಳಿದ್ದು ನಿನಗೆ ಕಟ್ಟಳೆಯಾಯಿತು. ಅತ್ತರೆ ಅವ್ವನ ಮಾತು ಸುಳ್ಳಾಗುತ್ತದೆ ಅಂತ ನೀನು ಮೂರು ವರ್ಷ ಅಳಲೇ ಇಲ್ಲ. ಹೋದ ಗೆಳತಿಯ ಬದಲಿಗೆ ಇನ್ನೊಬ್ಬಳು ಬರುವುದಿಲ್ಲ. ಬಂದರೆ ಅವಳು ಬೇರೆಯವಳು. ಅಷ್ಟು ತಿಳಿಯದವಳ ಹಾಗೆ ನಾನು ಮಾತಾಡಿದೆ. ನಾನೂ ಪ್ರತಿ ಊರಿನಲ್ಲಿ ಒಂದೊಂದು ಕೆಲಸ, ಒಬ್ಬೊಬ್ಬ ಗೆಳತಿಯನ್ನು ಬಿಟ್ಟು ಬಂದವಳೇ. ಬಿ.ಎಡ್. ಮಾಡಿಕೊಂಡು ಮೂರು ಕಡೆ ಪಾಠ ಹೇಳಿದೆ, ಮೂರೂ ಕಡೆ ವರ್ಷದ ನಡುವೆ ಎದ್ದು ಬಂದೆ. ನನಗೇ ಗಟ್ಟಿಯಾಗಿ ಅಳಲು ಧೈರ್ಯ ಇರಲಿಲ್ಲ. ನಿನಗೆ ಹೇಗೆ ಹೇಳಿಕೊಡಲಿ.

ಸಿಕಂದರಾಬಾದಿನಲ್ಲಿ ಇನ್ನೊಂದು ತಪ್ಪು ಮಾಡಿದೆ. ಕೇಂದ್ರೀಯ ವಿದ್ಯಾಲಯ ಕ್ವಾರ್ಟರ್ಸಿನಿಂದ ದೂರ ಅಂತ ಅರ್ಧ ವರ್ಷ ಹತ್ತಿರದ ಒಂದು ಖಾಸಗಿ ಶಾಲೆಗೆ ಹಾಕಿದೆ. ಪುಸ್ತಕ ಬೇರೆ, ಪಾಠದ ಕ್ರಮ ಬೇರೆ. ಪಠಾಣ್‌ಕೋಟಿನಲ್ಲಿ ದಶಮಾಂಶದ ಪಾಠ ಇನ್ನೂ ಬಂದಿರಲಿಲ್ಲ. ಇಲ್ಲಿ ಅದು ಮುಗಿದೇ ಹೋಗಿತ್ತು. ನೀನು ಬಿಂದು ಎಲ್ಲಿ ಇಡಬೇಕು ಅಂತ ಗೊತ್ತಾಗದೆ ಎಲ್ಲ ಲೆಕ್ಕಕ್ಕೂ ನಡುವೆ ಇಟ್ಟು ಬಂದಿ. ಟೀಚರು ಕ್ಲಾಸಿನ ಮುಂದೆ ಪೇಪರು ಎತ್ತಿ ತೋರಿಸಿದರು. ಆ ಮೇಲೆ ನೀನು ಗಣಿತ ಅಂದರೆ "ನಾ ದಡ್ಡಿ ಅವ್ವಾ" ಅನ್ನಲು ಶುರು ಮಾಡಿದ್ದಿ. ನಾನು ಟ್ಯೂಶನ್ ಹುಡುಕಿದೆ, ಬೈದೆ, ಮಗ್ಗಿ ಹೇಳಿಸಿದೆ. ನಿನ್ನ ಎರಡೂ ನೋಟ್‌ಬುಕ್ಕು ಪಕ್ಕ ಪಕ್ಕ ಇಟ್ಟು ನೋಡಲು ನನಗೆ ತಿಂಗಳುಗಳೇ ಬೇಕಾದವು. ಆ ಪಾಠವನ್ನು ನಿನಗೆ ಯಾರೂ ಕಲಿಸಿಯೇ ಇರಲಿಲ್ಲ. ಒಂದು ಶಾಲೆ ಬಿಡುವ ತಾರೀಖಿಗೂ ಇನ್ನೊಂದು ಸೇರುವ ತಾರೀಖಿಗೂ ನಡುವೆ ಅದು ಬಿದ್ದು ಹೋಗಿತ್ತು. ಪಾಠ ತಪ್ಪಿದ್ದಕ್ಕೆ ಮಗು ದಡ್ಡಿಯಾಗಿಬಿಟ್ಟಳು. ಅದನ್ನು ನೆನೆಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಆರಕ್ಕೆ ಎಷ್ಟು ದೂರ ಆದರೂ ಸರಿ ಅಂತ ಕೇಂದ್ರೀಯ ವಿದ್ಯಾಲಯಕ್ಕೇ ಹಾಕಿದ್ದು. ಆ ಶಾಲೆಗಳು ಹುಟ್ಟಿದ್ದೇ ನಿನ್ನಂಥ ಮಕ್ಕಳಿಗಾಗಿ. 1963ರಲ್ಲಿ ಇಪ್ಪತ್ತು ರೆಜಿಮೆಂಟ್ ಶಾಲೆಗಳನ್ನು ಸರಕಾರ ತಗೊಂಡು ಶುರು ಮಾಡಿತು, ಈಗ ದೇಶದ ತುಂಬ 1,200ಕ್ಕೂ ಹೆಚ್ಚು ಇವೆ. ಅಪ್ಪನಿಗೆ ವರ್ಗ ಆದರೆ ಅಲ್ಲಿಯ ಟಿ.ಸಿ. ಮೇಲೆ ಇಲ್ಲಿ ಸೇರಿಸಿಕೊಳ್ಳುತ್ತಾರೆ. ಅಪ್ಪ ಸಂಸಾರ ಒಯ್ಯಲು ಆಗದ ಫೀಲ್ಡಿಗೆ ಹೋದರೆ ಸಂಸಾರ ಇರುವ ಊರಿನಲ್ಲೂ ಸೇರಿಸಿಕೊಳ್ಳುತ್ತಾರೆ. ನಾವು ಎರಡು ವರ್ಷದ ಹಿಂದೆ ಅಜ್ಜಿಯ ಮನೆಗೆ ಬಂದಾಗ ನಿನಗೆ ಇಲ್ಲಿ ಜಾಗ ಸಿಕ್ಕಿದ್ದೂ ಹಾಗೇ. ಮೊದಲ ದಿನ ನೀನು ಬಂದು ಹೇಳಿದ್ದು ನೆನಪಿದೆಯೇ? "ಅದ ಚೌಕಳಿ ಅಂಗಿ, ಅದ ಪ್ರಾರ್ಥನಾ ಅವ್ವಾ. ನಾ ಅಲ್ಲೆ ಟಾಗೋರ್ ಹೌಸ್ ಇದ್ದೆ, ಇಲ್ಲೆ ಅಶೋಕ." ಅಷ್ಟು ಹೇಳುವಾಗ ನಿನ್ನ ಮುಖ ಸ್ವಲ್ಪ ಸಡಿಲಾಗಿತ್ತು. ನನಗೆ ಅಷ್ಟೇ ಸಾಕಾಗಿತ್ತು.

ಸಾಕಾಗಿತ್ತು ಅಂದುಕೊಂಡಿದ್ದೇ ಮತ್ತೊಂದು ತಪ್ಪು. ಆ ಜೂನಿನಿಂದ ಪ್ರತಿ ಸೋಮವಾರ ನಿನಗೆ ಹೊಟ್ಟೆನೋವು. ಮಳೆಗೆ ಅಂದೆವು, ಊಟಕ್ಕೆ ಅಂದೆವು, ಸ್ಕ್ಯಾನ್ ಮಾಡಿಸಿದೆವು, ಏನೂ ಇಲ್ಲ ಅಂದರು. ನಾಟಕ ಮಾಡ್ತಾಳ ಅಂತ ಮನೆಯಲ್ಲಿ ಯಾರೋ ಅಂದರು, ನಾನೂ ಅರ್ಧ ನಂಬಿದೆ. ಡಾಕ್ಟರು ಒಬ್ಬರು ನನ್ನನ್ನು ಹೊರಗೆ ಕರೆದು, ನೋವು ಸುಳ್ಳಲ್ಲ, ಮಕ್ಕಳ ಮನಸ್ಸಿನ ಹೆದರಿಕೆ ಹೊಟ್ಟೆಯಲ್ಲೇ ಹೇಳಿಕೊಳ್ಳುತ್ತದೆ ಅಂದರು. ಅವತ್ತಿನಿಂದ ಔಷಧ ಬಿಟ್ಟೆವು, ಸೋಮವಾರ ಬೆಳಿಗ್ಗೆ ಬಸ್ಸಿನ ನಿಲ್ದಾಣದ ತನಕ ಅಜ್ಜಿ ನಿನ್ನ ಜೊತೆ ನಡೆದು ಬರಲು ಶುರು ಮಾಡಿದಳು. ನೋವು ಒಮ್ಮೆಲೇ ಹೋಗಲಿಲ್ಲ, ಆದರೆ ಹೋಯಿತು.

ಅಜ್ಜಿ ಮಾಡಿದ್ದನ್ನು ನಾನು ಮಾಡಲು ಆಗುತ್ತಿರಲಿಲ್ಲ. ನಿನ್ನ ಕಾಕಾನ ಮಕ್ಕಳು "ಮಿಲ್ಟ್ರಿ ಹುಡುಗಿಗೆ ಕನ್ನಡ ಓದಾಕ ಬರಂಗಿಲ್ಲ" ಅಂತ ನಕ್ಕಾಗ ನಾನು ಅವರನ್ನು ಗದರಿಸಿದೆ. ಅಜ್ಜಿ ಗದರಿಸಲಿಲ್ಲ. "ನನ್ನ ಕಣ್ಣು ಮಂಜಾಗ್ಯಾವ, ಕಿರಾಣಿ ಚೀಟಿ ನೀನ ಬರೀಬೇಕ ನೋಡು" ಅಂದಳು. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ ಅಂತ ನಿನಗೆ ಈಗಲಾದರೂ ಗೊತ್ತಿದೆ ಅಂದುಕೊಂಡಿದ್ದೇನೆ. ಮೊದಲನೇ ಚೀಟಿಯಲ್ಲಿ "ತೊಗರಿಬ್ಯಾಳಿ" ಒತ್ತಿಲ್ಲದೆ ಬಾಳಿ ಆಗಿತ್ತು, "ಗುರೆಳ್ಳು" ಗುರೆಳು ಆಗಿತ್ತು. ಅಂಗಡಿಯವ ಎರಡೂ ಸರಿಯಾಗೇ ಕೊಟ್ಟ. ನಾಲ್ಕು ತಿಂಗಳಿಗೆ ನೀನು ಳಕಾರಕ್ಕೆ ಒತ್ತು ಕೊಟ್ಟು ಬರೆದ ಚೀಟಿ ನನ್ನ ಪರ್ಸಿನಲ್ಲಿದೆ. ಅದನ್ನು ನಾನು ಯಾವ ಊರಿಗೆ ಹೋದರೂ ಒಯ್ಯುತ್ತೇನೆ.

ಇನ್ನೊಂದು ಮಾತು ಇದೆ, ಬರೆಯಲು ಕೈ ಬರುತ್ತಿಲ್ಲ. ಹೋದ ವರ್ಷ ಕುಂದಗೋಳಕ್ಕೆ ಮದುವೆಗೆ ಹೋದಾಗ ಬಸ್ಸಿನಲ್ಲಿ ಯಾರೋ ಬೆಟದೂರಿನ ಮಾತು ತೆಗೆದರು. ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಊರು. 2016ರ ಫೆಬ್ರುವರಿ 3ಕ್ಕೆ ಸಿಯಾಚಿನ್‌ನಲ್ಲಿ ಹಿಮ ಕುಸಿಯಿತು. ಆರನೇ ದಿನ ಹಿಮದ ಅಡಿಯಿಂದ ಅವರನ್ನು ಜೀವಂತ ತೆಗೆದರು. 11ಕ್ಕೆ ದಿಲ್ಲಿಯಲ್ಲಿ ತೀರಿಕೊಂಡರು. ಆಗ ನಿನಗೆ ನಾಲ್ಕು ವರ್ಷ. ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಟಿ.ವಿ. ಮುಂದೆ ಕೂತಿದ್ದೆ. ಈ ಸೀಮೆಯ ಮನೆ ಮನೆಯಲ್ಲೂ ದೀಪ ಹಚ್ಚಿ ಬೇಡಿಕೊಂಡರು. ಬಸ್ಸಿನಲ್ಲಿ ನೀನು ಎಲ್ಲ ಕೇಳಿಸಿಕೊಂಡಿ. ಕಿಟಕಿಯ ಕಡೆ ಮುಖ ಮಾಡಿ "ಅಪ್ಪ ಇರೋ ಕಡೀಗೂ ಹಿಮ ಬೀಳತೈತೇನು?" ಅಂತ ಒಂದೇ ಒಂದು ಸಲ ಕೇಳಿದ್ದಿ. ನಾನು "ಅಂಥಾದ್ದೇನೂ ಇಲ್ಲ, ಸುಮ್ನಿರು" ಅಂದೆ.

ಬೀಳುತ್ತದೆ, ಪುಟ್ಟವ್ವಾ. ನಿನಗೆ ಹದಿಮೂರು ದಾಟಿತು, ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ. ಫೋನು ಬಾರದ ದಿನ ನನಗೂ ಅನ್ನ ಇಳಿಯುವುದಿಲ್ಲ. ಇನ್ನು ಮೇಲೆ ಅಂಥ ದಿನ ನೀನು ನಿನ್ನ ಖೋಲಿಯಲ್ಲಿ, ನಾನು ಅಡುಗೆಮನೆಯಲ್ಲಿ ಬೇರೆ ಬೇರೆ ಹೆದರಿಕೊಂಡು ಕೂರುವುದು ಬೇಡ. ನನ್ನ ಹತ್ತಿರ ಹೇಳಲು ಆಗದ್ದು ಏನಾದರೂ ಇದ್ದರೆ ಮನಸ್ಸಿನ ತೊಂದರೆ ಹೇಳಿಕೊಳ್ಳಲು ಇರುವ ಸರಕಾರಿ ಸಹಾಯವಾಣಿ ಟೆಲಿಮಾನಸ್‌ನ 14416 ನಂಬರು ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೂ ಮಾತಾಡುತ್ತಾರೆ. ಇಲ್ಲೇ ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ, ಬೇಕಾದರೆ ಇಬ್ಬರೂ ಹೋಗೋಣ. ಅಲ್ಲಿಗೆ ಹೋಗುವುದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಈಗ ಸುದ್ದಿ. ಸೋಮವಾರ ರಾತ್ರಿ ಅಪ್ಪ ಫೋನಿನಲ್ಲಿ ಹೇಳಿದರು, ಪೀಸ್ ಪೋಸ್ಟಿಂಗ್ ಬಂದಿದೆ, ಜೋಧಪುರ. ಸಂಸಾರ ಕರೆದುಕೊಂಡು ಹೋಗಬಹುದು. ನಾನು ಮೂರು ದಿನ ನಿನಗೆ ಹೇಳಲಿಲ್ಲ. ಹಿಂದೆಲ್ಲ ಟ್ರಂಕು ಕಟ್ಟುವ ವಾರದ ತನಕ ಹೇಳುತ್ತಿರಲಿಲ್ಲ, ಪರೀಕ್ಷೆ ಕೆಡುತ್ತದೆ ಅಂತ. ಅದು ನಿನ್ನ ಪರೀಕ್ಷೆಗಾಗಿ ಅಲ್ಲ, ನಿನ್ನ ಮುಖ ನೋಡುವ ಧೈರ್ಯ ನನಗೆ ಇರಲಿಲ್ಲ, ಅದಕ್ಕೆ.

ಎರಡು ದಾರಿ ಇವೆ. ಏಪ್ರಿಲ್‌ನಲ್ಲಿ ಒಂಬತ್ತನೇ ಕ್ಲಾಸು ಶುರುವಾಗುತ್ತದೆ, ಜೋಧಪುರದ ಕೇಂದ್ರೀಯ ವಿದ್ಯಾಲಯಕ್ಕೆ ಸೇರಬಹುದು. ಅದು ನಿನ್ನ ಆರನೇ ಶಾಲೆ. ಒಂಬತ್ತರಲ್ಲಿ ಸಿ.ಬಿ.ಎಸ್.ಇ. ನೋಂದಣಿ ಆಗುತ್ತದೆ, ಹತ್ತರಲ್ಲಿ ಶಾಲೆ ಬದಲಿಸುವುದು ಸುಲಭ ಅಲ್ಲ. ಅದಕ್ಕೆ ಅಪ್ಪನಿಗೆ ಮತ್ತೆ ವರ್ಗ ಆದರೂ ನಿನ್ನ ಬೋರ್ಡ್ ಪರೀಕ್ಷೆ ಮುಗಿಯುವ ತನಕ ಕ್ವಾರ್ಟರ್ಸ್ ಉಳಿಸಿಕೊಳ್ಳಲು ಅರ್ಜಿ ಹಾಕುತ್ತೇವೆ. ಇಲ್ಲವೇ ನೀನು ಹತ್ತು ಮುಗಿಯುವ ತನಕ ಅಜ್ಜಿಯ ಹತ್ತಿರ ಇಲ್ಲೇ ಇರಬಹುದು. ಅದೇ ಶಾಲೆ, ಅದೇ ಗೆಳತಿಯರು. ಆಗ ನಾನು ಅಲ್ಲಿ ಇಲ್ಲಿ ಓಡಾಡುತ್ತೇನೆ.

ನನ್ನ ಮನಸ್ಸು ಮುಚ್ಚಿಡುವುದಿಲ್ಲ: ನೀನು ಬರಬೇಕು ಅಂತ ನನಗೆ ಆಸೆ. ಎರಡು ವರ್ಷದಲ್ಲಿ ನೀನು ಅಪ್ಪನ ಜೊತೆ ಇದ್ದದ್ದು ರಜೆಯಲ್ಲಿ ಬಂದಾಗ ಮಾತ್ರ. ಆದರೆ ಆ ಆಸೆ ನನ್ನದು. ನಿರ್ಧಾರದ ಭಾರವನ್ನೂ ನಿನ್ನ ತಲೆಗೆ ಕಟ್ಟುವುದಿಲ್ಲ. ನಾಳೆ ಏನಾದರೂ ಹೆಚ್ಚು ಕಡಿಮೆ ಆದರೆ "ನೀನ ಹೇಳಿದ್ದಿ" ಅಂತ ಯಾರೂ ನಿನಗೆ ಅನ್ನಬಾರದು. ನಿರ್ಧಾರ ನಾನೂ ಅಪ್ಪನೂ ಮಾಡುತ್ತೇವೆ. ಆದರೆ ನಿನ್ನ ಮಾತು ಪೂರ್ತಿ ಕೇಳಿದ ಮೇಲೆ.

ಹೋಗುವುದೇ ಆದರೆ ಈ ಸಲ ಕಳ್ಳರ ಹಾಗೆ ಊರು ಬಿಡುವುದಿಲ್ಲ. ನಿನ್ನ ಗೆಳತಿಯರನ್ನೆಲ್ಲ ಕರಕೊಂಡು ಉಣಕಲ್ ಕೆರೆಗೆ ಹೋಗೋಣ, ಸಂಜೆ ತನಕ ಇರಿ, ನಾನು ದೂರ ಕೂತಿರುತ್ತೇನೆ. ಅಳು ಬಂದರೆ ಎಲ್ಲರೂ ಅಳಿರಿ. ಯಾವ ಪಾಠ ಎಲ್ಲಿಯ ತನಕ ಆಗಿದೆ ಅಂತ ನಿನ್ನ ಎಲ್ಲ ಟೀಚರುಗಳಿಂದ ಬರೆಸಿಕೊಂಡು ಬರುತ್ತೇನೆ, ಅಲ್ಲಿ ಮೊದಲ ದಿನವೇ ಅದನ್ನು ಕೊಟ್ಟು ಮಾತಾಡುತ್ತೇನೆ. ಆ ದಿನ ಅಪ್ಪನೂ ಶಾಲೆಗೆ ಬರುತ್ತಾರೆ, ಕೇಳಿದ್ದೇನೆ, ಒಪ್ಪಿದ್ದಾರೆ. ಹೊಸ ಕ್ಲಾಸಿಗೆ ಲೈನ್ ಬಜಾರಿನ ಪೇಡೆ ಒಯ್ಯುವುದು ನಿನಗೆ ಬಿಟ್ಟದ್ದು. ಆ ಪೇಡೆ ಮಾಡಿದ ಠಾಕೂರರ ಮನೆತನವೂ ಉತ್ತರದ ಉನ್ನಾವ್‌ದಿಂದ ಬಂದು ಇಲ್ಲಿ ನೆಲೆ ನಿಂತದ್ದು ಅಂತ ಅಜ್ಜಿ ನಿನಗೆ ಹೇಳಿದ್ದಾಳಲ್ಲ.

ಹಸಿರು ಲಂಗ ಇನ್ನೂ ಟ್ರಂಕಿನ ತಳದಲ್ಲಿದೆ. ನಿನಗೆ ಆಗುವುದಿಲ್ಲ ಈಗ. ಅದನ್ನು ಏನು ಮಾಡಬೇಕು ಅಂತ ನೀನೇ ಹೇಳು, ನಿನ್ನನ್ನು ಕೇಳದೆ ಯಾರಿಗೂ ಕೊಡುವುದಿಲ್ಲ.

ಅಜ್ಜಿಗೆ ಜೋಧಪುರದ ಮಾತು ಇನ್ನೂ ಗೊತ್ತಿಲ್ಲ, ಮೊದಲು ನಿನಗೇ ಹೇಳಬೇಕು ಅಂತ ತಡೆದಿದ್ದೇನೆ. ಶನಿವಾರ ರಾತ್ರಿ ಎಂಟಕ್ಕೆ ಅಪ್ಪ ಫೋನ್ ಮಾಡುತ್ತಾರೆ. ಅಷ್ಟರೊಳಗೆ ನಿನಗೆ ಅನ್ನಿಸಿದ್ದನ್ನು ಒಂದು ಚೀಟಿಯಲ್ಲಿ ಬರೆದು ಗುರೆಳ್ಳಿನ ಡಬ್ಬಿಯ ಕೆಳಗೆ ಇಡು. ಕನ್ನಡವಾದರೂ ಸರಿ, ಹಿಂದಿಯಾದರೂ ಸರಿ. "ನಡೀತೈತಿ" ಅಂತ ಮಾತ್ರ ಬರೀಬ್ಯಾಡ.

ನಿನ್ನ,
ಅವ್ವ