ಮೊಲದ ಮರಿಗೆ ತಾಯಿ ಇರ್ತಾಳ್ರಿ, ಎತ್ಕೊಂಡು ಬರಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ ರೀ,

ಹೋದ ವಾರ ನಿಮ್ಮ ಪೇಪರಿನ ಜಿಲ್ಲಾ ಪುಟದಾಗ ಒಂದು ಫೋಟೋ ಬಂದಿತ್ತು. ಕಬ್ಬಿನ ಹೊಲದಾಗ ಸಿಕ್ಕ ಮೂರು ಮೊಲದ ಮರಿ ಎದಿಗೆ ಅವಚಿಕೊಂಡು ಒಬ್ಬ ಹುಡುಗ ನಿಂತಾನ, ಕೆಳಗ ತಾಯಿ ಇಲ್ಲದ ಮರಿಗೆ ಆಸರೆ ಅಂತ ಬರದೀರಿ. ಹುಡುಗನ ಮನಸ್ಸು ಒಳ್ಳೇದು, ಅದರ ಬಗ್ಗೆ ನಂದೇನೂ ತಕರಾರಿಲ್ಲ. ಆದ್ರ ತಾಯಿ ಇಲ್ಲ ಅಂತ ಯಾರು ನೋಡಿದ್ರು ರೀ? ಹಗಲಿನ್ಯಾಗ ಮರಿ ಹತ್ರ ತಾಯಿ ಕಾಣಲಿಲ್ಲ ಅಂದಕೂಡ್ಲೆ ಅವು ಪರದೇಶಿ ಆದ್ವು ಅಂತ ನಾವ ತೀರ್ಮಾನ ಮಾಡ್ತೀವಿ. ನಾನೂ ಮೊದಲ ಹಂಗ ಅನಕೊಂಡಿದ್ದೆ, ಅದಕ್ಕ ಈ ಪತ್ರ.

ನಮ್ಮ ಮನಿ ಮುಧೋಳದ ಹೊರಗ, ಊರು ಮುಗದು ಕಬ್ಬು ಸುರು ಆಗೋ ಜಾಗದಾಗ ಐತಿ. ಹಿತ್ತಲಕ್ಕ ಕಂಪೌಂಡ್ ಇಲ್ಲ, ಜಾಲಿ ಮುಳ್ಳಿನ ಬೇಲಿ ಅಷ್ಟ. ಬಾಜು ಹೊಲದ ಕಬ್ಬು ಕಡದು ಗ್ಯಾಂಗಿನವರು ಹೋದ ನಾಕೈದು ದಿವಸಕ್ಕ ನಾನು ಎಮ್ಮಿಗೆ ಹಾಕಾಕ ಬಣವಿಯಿಂದ ಕಣಿಕಿ ಹಿರಿಯಾಕ ಹೋದ್ರ ಬುಡದಾಗ ಕರಕಿ ಒಳಗ ಏನೋ ಕಂದು ಬಣ್ಣದ್ದು, ಹೆಂಡಿ ಅನಕೊಂಡು ಕೈ ಹಾಕಾಕ ಹೋದೆ ನೋಡ್ರಿ, ಕಣ್ಣು ಪಿಳಿ ಪಿಳಿ! ಎರಡು ಮರಿ, ಒಂದೊಂದೂ ಒಂದು ಮುಷ್ಟಿಯಷ್ಟು, ಒಂದರ ಹಣಿ ಮ್ಯಾಲ ಬಿಳಿ ಚುಕ್ಕಿ. ಗೂಡು ಅಂತ ಏನೂ ಇಲ್ಲ, ಬಿಲ ಇಲ್ಲ, ಹುಲ್ಲು ಒತ್ತಿ ಒಂದು ಸಣ್ಣ ತಗ್ಗು ಆಗಿತ್ತು ಅಷ್ಟ. ನನ್ನ ನೋಡಿ ಓಡಲೂ ಇಲ್ಲ, ಮಿಸುಕಲೂ ಇಲ್ಲ.

ನಮ್ಮ ಅತ್ತಿ ಬಂದು ನೋಡಿ, ಅಯ್ಯ ಪಾಪ ಇವುಗಳ ತಾಯಿ ಗ್ಯಾಂಗಿನವರ ಕೈಯಾಗ ಸಿಕ್ಕಿರತೈತಿ, ಒಳಗ ತಗೊಂಡು ಬಾ ತಂಗಿ, ಹಾಲು ಹಾಕೋಣು ಅಂದ್ರು. ನನಗೂ ಹಂಗ ಅನಸ್ತು. ಆದ್ರ ನನಗ ಸಣ್ಣಾಕಿದ್ದಾಗಿಂದು ಒಂದು ನೆನಪಾತು. ಬೀಳಗಿ ಕಡೆ ನಮ್ಮ ತವರಮನ್ಯಾಗ ಜ್ವಾಳದ ಸುಗ್ಗಿ ಒಳಗ ನಮ್ಮಣ್ಣ ಹಿಂಗ ಎರಡು ಮರಿ ಹಿಡಕೊಂಡು ಬಂದಿದ್ದ, ಬುಟ್ಟಿ ಒಳಗ ಅರಬಿ ಹಾಸಿ ಇಟ್ಟು ಅರಳಿ ಬತ್ತಿ ಆಕಳ ಹಾಲಿನ್ಯಾಗ ಅದ್ದಿ ಬಾಯಿಗೆ ಹಿಡದ್ವಿ, ಓಣಿ ಹುಡುಗರೆಲ್ಲಾ ಬಂದು ಮುಟ್ಟಿ ಮುಟ್ಟಿ ನೋಡಿದ್ರು, ಮೂರನೇ ದಿವಸ ಹೊಟ್ಟಿ ಉಬ್ಬಿ ಎರಡೂ ಸತ್ವು. ಬೇವಿನ ಗಿಡದ ಬುಡಕ ಹುಗದು ನಾನು ಊಟ ಬಿಟ್ಟಿದ್ದೆ. ಅವಾಗ ಅವ್ವ, ಅವುಗಳ ಆಯುಷ್ಯ ಅಷ್ಟ ಇತ್ತು ಅಂದ್ಲು. ಈಗ ಗೊತ್ತಾಗ್ತೈತಿ, ಆಯುಷ್ಯ ಅಲ್ಲ, ನಾವ ಕೊಂದಿದ್ದು.

ಹಂಗಾಗಿ ಒಳಗ ತರಲಿಲ್ಲ, ಫಾರೆಸ್ಟ್ ಗಾರ್ಡ್ ಇರೋ ನಮ್ಮ ಸೋದರಮಾವನ ಮಗಗ ಫೋನ್ ಹಚ್ಚಿದೆ. ಅಂವ ಮೊದಲ ಕೇಳಿದ್ದು, ಅಕ್ಕಾ ಮೈಮ್ಯಾಲ ಕೂದಲ ಅದಾವೇನು, ಕಣ್ಣು ತಗದಾವೇನು ಅಂತ. ಅದಾವ ಅಂದೆ. ಹಂಗಾರ ಅವು ಆರಾಮ ಅದಾವ, ಹಿಂದಕ್ಕ ಸರದು ಸುಮ್ನ ಇರ್ರಿ ಅಂದ. ನಾವು ಪಂಜರದಾಗ ಸಾಕೋ ಬಿಳಿ ಮೊಲ ಬ್ಯಾರೆ, ಅದರ ಮೂಲ ಯುರೋಪ್ ಅಂತ, ಬಿಲದಾಗ ಈಯತೈತಿ, ಮರಿ ಹುಟ್ಟಿದಾಗ ಮೈಮ್ಯಾಲ ಕೂದಲ ಇರಂಗಿಲ್ಲ, ಕಣ್ಣೂ ಮುಚ್ಚಿರ್ತಾವ. ನಮ್ಮ ಹೊಲದ ಮೊಲ, ಕುತ್ತಿಗಿ ಹಿಂದ ಕರೇ ಪಟ್ಟಿ ಇರೋದು, ಅದರ ಜಾತಿನ ಬ್ಯಾರೆ. ಇಂಗ್ಲಿಷ್‌ನ್ಯಾಗ ಅದು ರ‍್ಯಾಬಿಟ್ ಇದು ಹೇರ್, ನಾವು ಎರಡಕ್ಕೂ ಮೊಲ ಅಂತೀವಿ, ಅಲ್ಲೇ ಗೊಂದಲ ಸುರು ಆಗ್ತೈತಿ. ಈ ಮರಿ ಹುಟ್ಟುವಾಗನ ಕಣ್ಣು ತಗದ, ಕೂದಲ ಹೊದ್ದ ಬರ್ತಾವ. ತಾಯಿ ಹಗಲೆಲ್ಲಾ ದೂರ ಇರ್ತಾಳ, ಯಾಕಂದ್ರ ಆಕಿ ಹತ್ರ ಇದ್ರ ಆಕಿ ವಾಸನಿ ಹಿಡದು ನರಿ ನಾಯಿ ಬರ್ತಾವ, ಮರಿಗೆ ವಾಸನಿ ಭಾಳ ಕಡಿಮಿ. ಹೊತ್ತು ಮುಣಗಿದ ಮ್ಯಾಲ ಬಂದು ಕೆಲವ ನಿಮಿಷ ಹಾಲು ಕುಡಿಸಿ ಹೋಗ್ತಾಳ, ಹಾಲು ಗಟ್ಟಿ ಇರತೈತಿ, ಮರುದಿನ ತನಕ ಅದ ಸಾಕು. ಆಕಳ ಹಾಲು ಅವುಕ್ಕ ಆಗಿಬರಂಗಿಲ್ಲ, ಡ್ರಾಪರ್‌ಲೆ ಹಾಕಿದ್ರ ಪುಪ್ಪುಸಕ್ಕ ಹೋಗಿ ಸಾಯ್ತಾವ, ಅದೂ ಬ್ಯಾಡ ಅಂಜಿಕಿಲೇನ ಸಾಯೋದೂ ಐತಿ.

ಇದನ್ನ ಬಾಜು ಮನಿ ಕಾಕಾರಿಗೆ ಹೇಳಿದ್ರ ಒಪ್ಪಲಿಲ್ಲ. ಮನಷ್ಯಾರ ವಾಸನಿ ಬಡೀತು, ಇನ್ನ ತಾಯಿ ಬರೂದಿಲ್ಲ ಬರೂದಿಲ್ಲ ಅಂತ ಒಂದ ಹಟ. ತಾ ಹಿಡದ ಮೊಲಕ್ಕ ಮೂರ ಕಾಲು ಅಂತಾರಲ್ರಿ, ಇವರು ಮೊಲ ಹಿಡೀದನ ಹಂಗ ಮಾಡಾಕ ಹತ್ತಿದ್ರು. ಅವರ ಮನ್ಯಾಗ ಒಂದು ಮುಧೋಳ ನಾಯಿ ಬ್ಯಾರೆ ಐತಿ. ರನ್ನನ ಊರು ಅಂತ ನಾವು ಎಷ್ಟ ಹೇಳಕೊಂಡ್ರೂ ಹೊರಗಿನ ಮಂದಿಗೆ ನಮ್ಮೂರು ನಾಯಿ ಊರು, 2005ರಾಗ ಅದರ ಚಿತ್ರ ಇರೋ ಅಂಚೆ ಚೀಟಿನೂ ಬಂದೈತಿ, ಮೊದಲಿಂದ ಅದನ್ನ ಮೊಲದ ಬೇಟಿಗೇ ಸಾಕಿದ್ದು. ಅದು ಸರಪಳಿ ಹರಕೊಂಡು ನಮ್ಮ ಹಿತ್ತಲಕ್ಕ ಬಂದಾಗ ನನ್ನ ಜೀವಾ ಬಾಯಿಗೆ ಬಂತು. ಬಣವಿಗೆ ಒಂದು ಮಾರು ದೂರದಾಗ ಹಾದು ಹೋತು ಮಾರಾಯ್ರ, ಮರಿ ಕಾಣಲ ಇಲ್ಲ! ಆ ನಾಯಿ ಕಣ್ಣಿನ ಬಲದ ಮ್ಯಾಲ ಬೇಟಿ ಆಡೋದು, ಓಡೋದನ್ನ ನೋಡಿ ಬೆನ್ನ ಹತ್ತತೈತಿ, ಮರಿ ಕಲ್ಲ ಆಗಿ ಕುಂತಿದ್ವು. ಆಮ್ಯಾಲ ನಾನ ಹೋಗಿ ಕೈ ಮುಗದು ಕೇಳಿಕೊಂಡೆ, ಕಾಕಾ ಒಂದು ತಿಂಗಳ ನಾಯಿ ಕಟ್ಟಿ ಹಾಕ್ರಿ ಅಂತ. ಕಟ್ಟಿದ್ರು, ಅದಕ್ಕ ಅವರಿಗೆ ಶರಣು.

ಆದ್ರೂ ಕಾಕಾರ ಮಾತು ತಲಿಯೊಳಗ ಕೊರಿಯಾಕ ಹತ್ತಿತ್ತು, ನಿಜವಾಗ್ಲೂ ತಾಯಿ ಸತ್ತಿದ್ರ? ಅದಕ್ಕ ಸಂಜಿಮುಂದ ಒಲಿ ಬೂದಿ ಜರಡಿ ಹಿಡದು, ಬೇಲಿ ಸಂದಿಯಿಂದ ಬಣವಿ ತನಕ ತೆಳ್ಳಗ ಹಾಸಿದೆ, ಮರಿ ಹತ್ರ ಹಾಕಲಿಲ್ಲ. ಹಿತ್ತಲ ಲೈಟ್ ಆರಿಸಿ ಎಲ್ಲಾರೂ ಒಳಗ ಕುಂತ್ವಿ, ನಮ್ಮ ಹುಡುಗ ಕಿಡಕಿ ಬಿಟ್ಟು ಏಳಲ ಇಲ್ಲ, ಆದ್ರೂ ಏನೂ ಕಾಣಲಿಲ್ಲ. ಮುಂಜಾನೆ ಎದ್ದು ನೋಡಿದ್ರ ಬೂದಿ ಮ್ಯಾಲ ಹೆಜ್ಜಿ! ಮುಂದ ಎರಡು ದೊಡ್ಡವು ಜೋಡಿ, ಹಿಂದ ಸಣ್ಣವು ಒಂದರ ಹಿಂದ ಒಂದು. ಮೊಲ ಜಿಗದಾಗ ಹಿಂದಿನ ಕಾಲು ಮುಂದಿನ ಕಾಲ ದಾಟಿ ಮುಂದ ಬೀಳ್ತಾವ ಅಂತ, ಹಂಗಾಗಿ ಹೆಜ್ಜಿ ತಿರುಮುರುವು ಕಾಣತೈತಿ. ಅತ್ತಿ ಆ ಬೂದಿಗೆ ಕೈ ಮುಗದ್ರು.

ಮುಂದ ಎರಡು ದಿವಸಕ್ಕ ಮರಿ ಒಂದ ಕಡೆ ಇರಲಿಲ್ಲ, ಒಂದು ಬಣವಿ ಹಂತ್ಯಾಕ, ಇನ್ನೊಂದು ಬೇಲಿ ಬುಡಕ ಹುದಗಿತ್ತು. ಕಳದು ಹೋಗ್ಯಾವ ಅಂತ ಗಾಬರಿ ಆಗಬ್ಯಾಡ್ರಿ, ಅವುಗಳ ರೂಢಿ ಅದು, ಬ್ಯಾರೆ ಬ್ಯಾರೆ ಅಡಗಿ ಕುಂತು ಹಾಲಿನ ಹೊತ್ತಿಗೆ ಕೂಡ್ತಾವ. ಮೂರು ವಾರ ಆದ ಮ್ಯಾಲ ಎರಡೂ ಕಾಣಲಿಲ್ಲ, ಬಣವಿ ಬುಡದಾಗ ಹಿಕ್ಕಿ ಅಷ್ಟ ಉಳದಿತ್ತು.

ಸಂಪಾದಕರ, ನಂದು ಎರಡು ಮಾತು. ಒಂದು, ಇನ್ನ ಮ್ಯಾಲ ಇಂಥಾ ಫೋಟೋ ಬಂದ್ರ ಹಾಕಬ್ಯಾಡ್ರಿ, ಹಾಕಿದ್ರೂ ಮರಿ ಸಿಕ್ಕ ಜಾಗದಾಗನ ಬಿಡ್ರಿ ಅಂತ ಕೆಳಗ ಒಂದು ಸಾಲು ಬರೀರಿ. ಎತ್ಕೊಂಡು ತಾಸು ಎರಡು ತಾಸು ಆಗಿದ್ರೂ ಸೈತ ಅದ ಜಾಗಕ್ಕ ಒಯ್ದು ಇಟ್ರ ರಾತ್ರಿ ತಾಯಿ ಹುಡುಕ್ಕೊಂಡು ಬರ್ತಾಳ, ವಾಸನಿ ಬಡೀತು ಅಂತ ಬಿಟ್ಟು ಹೋಗಂಗಿಲ್ಲ. ಗಾಯ ಆಗಿದ್ರ, ಇಲ್ಲಾ ತಾಯಿ ಸತ್ತದ್ದು ಕಣ್ಣಾರೆ ನೋಡಿದ್ರ ಅಷ್ಟ 1926ಕ್ಕ ಫೋನ್ ಮಾಡ್ರಿ, ಅದು ಅರಣ್ಯ ಇಲಾಖೆ ಸಹಾಯವಾಣಿ. ಮನ್ಯಾಗ ಇಟಕೊಂಡು ಸಾಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಪ್ರೀತಿಲೆ ಸಾಕಿದ್ರೂ ಅಪರಾಧನ. ಯಡಹಳ್ಳಿ ಚಿಂಕಾರಾ ಅಭಯಾರಣ್ಯದಾಗ ಇದ್ರ ಅಷ್ಟ ಕಾಡಪ್ರಾಣಿ, ನಮ್ಮ ಹಿತ್ತಲದಾಗ ಇದ್ರ ನಮ್ಮದು ಅಂತ ಏನಿಲ್ಲ.

ಇನ್ನೊಂದು ರವದಿ, ಅಂದ್ರ ಕಬ್ಬು ಕಡದ ಮ್ಯಾಲ ಹೊಲದಾಗ ಉಳಿಯೋ ಒಣ ಎಲಿ, ಸುಡೋರಿಗೆ. ಸುಡಬ್ಯಾಡ್ರಿ ಅಂದ್ರ ಯಾರೂ ಕೇಳಂಗಿಲ್ಲ, ನಮ್ಮ ಮನಿಯವರ ಕೇಳಂಗಿಲ್ಲ. ಬೆಂಕಿ ಹಚ್ಚೋಕಿಂತ ಮೊದಲ ಹೊಲದಾಗ ಸಾಲು ಹಿಡದು ಒಂದ ಸಲ ಅಡ್ಡಾಡ್ರಿ, ಮರಿ ಇದ್ರ ಬದುವಿನ ಹುಲ್ಲಿಗೆ ಸರಸ್ರಿ. ದೊಡ್ಡ ಮೊಲ ಓಡತೈತಿ, ಮರಿ ಬೆಂಕಿ ಬಂದ್ರೂ ಕಲ್ಲ ಆಗಿ ಕುಂಡ್ರತೈತಿ.

ಮರಿ ಫೋಟೋ ಕಳಸ್ರಿ ಅಂತ ಕೇಳಬ್ಯಾಡ್ರಿ, ಹುಡುಗಗೂ ತಗಿಯಾಕ ಬಿಡಲಿಲ್ಲ. ಬೂದಿ ಮ್ಯಾಲಿನ ಹೆಜ್ಜಿದು ಒಂದು ಐತಿ, ಬೇಕಾದ್ರ ಅದನ್ನ ಹಾಕ್ರಿ. ಒಂದು ಹೆಜ್ಜಿ ಅಳಕಿ ಹೋಗಿ ಮೂರ ಕಾಣ್ತಾವ, ಕಾಕಾರಿಗೆ ತೋರಿಸಿದ್ರ ನೋಡವಾ ನಾ ಹೇಳಿದ್ದ ಖರೆ ಅಂತ ನಗತಾರ.

ನಿಮ್ಮ ಓದುಗಾರ್ತಿ,
ಮುಧೋಳ