ಇದ್ರಲ್ಲಿ ಮ್ಯಾತ್ಸೇ ಇಲ್ಲ ಅಂದ ಮಗಳಿಗೆ

ಪುಟ್ಟಿ,

ನಿನ್ನೆ ಫೋನಲ್ಲಿ ನೀನು ಹೇಳಿದ್ದೆಲ್ಲಾ ಕೇಳಿಸ್ಕೊಂಡೆ, ಆಗ್ಲೇ ಏನಾದ್ರೂ ಹೇಳ್ಬೋದಿತ್ತು, ಆದ್ರೆ ನಿನ್ನ ದನೀಲೇ ಸುಸ್ತು ಗೊತ್ತಾಗ್ತಿತ್ತು, ಅದಕ್ಕೇ ಕೂತು ಬರೀತಿದೀನಿ. ಕ್ಲಾಸಲ್ಲಿ ಉಳಿದೋರೆಲ್ಲ ಟೋಪಾಲಜಿ, ನಂಬರ್ ಥಿಯರಿ ಅಂತ ಪ್ರಾಜೆಕ್ಟ್ ತಗೊಂಡಿದಾರೆ, ನಿಂಗೆ ಮಾತ್ರ ಪೇಪರ್ ರೋಲ್ ಕತ್ತರಿಸೋ ಕಂಪನಿ ಸಿಕ್ಕಿದೆ, ಹೋದಾಗಿಂದ ಎಕ್ಸೆಲ್ ಶೀಟ್ ಸರಿ ಮಾಡೋದೇ ಆಗೋಯ್ತು, "ಇದ್ರಲ್ಲಿ ಮ್ಯಾತ್ಸೇ ಇಲ್ಲ ಅಮ್ಮಾ" ಅಂದೆ. ಪ್ಲಾನಿಂಗ್ ಡಿಪಾರ್ಟ್‌ಮೆಂಟಲ್ಲಿ ಕೂತು, ವರ್ಷಾ ವರ್ಷಾ ನಿನ್ನಂಥ ಹುಡುಗ್ರಿಗೆ ಎಕ್ಸ್‌ಟರ್ನಲ್ ಗೈಡ್ ಆಗಿರೋಳು ನಾನು, ಈ ಮಾತು ನಂಗೆ ಹೊಸದಲ್ಲ. ಆದ್ರೆ ಹೇಳ್ತಿರೋದು ನನ್ನ ಮಗಳು ಅಂದಾಗ ಸುಮ್ನಿರೋಕಾಗಲ್ಲ.

ನಿನ್ನ ಪ್ರಾಬ್ಲಮ್ಮನ್ನೇ ತಗೋ, ದೊಡ್ಡ ರೋಲನ್ನ ಆರ್ಡರ್ ಬಂದಿರೋ ಅಗಲಗಳಿಗೆ ವೇಸ್ಟ್ ಕಮ್ಮಿ ಆಗೋ ಹಾಗೆ ಕತ್ತರಿಸ್ಬೇಕು. ರೋಲ್ ಅಗಲ 300 ಸೆಂಟಿಮೀಟರ್, ಆರ್ಡರ್ ಬಂದಿರೋದು 135, 108, 93 ಅಗಲದ್ದು ಅಂದ್ಕೋ. ಪುಸ್ತಕದಲ್ಲಿ ಓದಿರೋ ಹಾಗೆ ಪ್ಯಾಟರ್ನ್, ಅಂದ್ರೆ ಒಂದು ರೋಲಲ್ಲಿ ಯಾವ ಅಗಲ ಎಷ್ಟೆಷ್ಟು ಅನ್ನೋ ಜೋಡಣೆ, ಹುಡುಕ್ತೀಯ, ಒಂದು 108 ಎರಡು 93 ಸೇರಿದ್ರೆ 294, ವೇಸ್ಟ್ ಬರೀ 6, ಇದಕ್ಕಿಂತ ಚೆನ್ನಾಗಿರೋದು ಸಿಗಲ್ಲ ಅಂತ ಖುಷಿ ಆಗುತ್ತೆ. ಆಮೇಲೆ ಮಷೀನ್ ಹತ್ರ ಹೋಗಿ ನಿಂತ್ರೆ ಆಪರೇಟರ್ ಹೇಳ್ತಾರೆ, ರೋಲಿನ ಅಂಚು ಹರಿದಿರುತ್ತಮ್ಮ, ಎರಡೂ ಕಡೆ ನಾಲ್ಕು ನಾಲ್ಕು ಸೆಂಟಿಮೀಟರ್ ತೆಗೀಲೇಬೇಕು ಅಂತ. ಅಲ್ಲಿಗೆ ಉಳಿದಿದ್ದು 292, ನಿನ್ನ 294 ಕೂರೋದೇ ಇಲ್ಲ. 135 ಎರಡು ಹಾಕ್ಬೋದು, 93 ಮೂರು ಹಾಕ್ಬೋದು, ಆದ್ರೆ 108ಕ್ಕೆ ಒಳ್ಳೆ ಜೋಡೀನೇ ಸಿಗಲ್ಲ, 135ರ ಜೊತೆ ಹಾಕಿದ್ರೆ 243, ಇನ್ನೂ 49 ಸೆಂಟಿಮೀಟರ್ ಸುಮ್ನೆ ಹೋಗುತ್ತೆ. ಆ ಎಂಟು ಸೆಂಟಿಮೀಟರ್ ವಿಷ್ಯ ನಿಂಗೆ ಕೊಟ್ಟ ಶೀಟಲ್ಲಿ ಯಾಕಿರ್ಲಿಲ್ಲ ಗೊತ್ತಾ? ಅಲ್ಲಿರೋ ಎಲ್ರಿಗೂ ಗೊತ್ತಿರೋ ವಿಷ್ಯ ಅದು, ಎಲ್ರಿಗೂ ಗೊತ್ತಿರೋದನ್ನ ಯಾರೂ ಬರೆದಿಡಲ್ಲ.

ಅಷ್ಟಕ್ಕೇ ಮುಗಿಯಲ್ಲ. ಲೀನಿಯರ್ ಪ್ರೋಗ್ರಾಮಿಂಗ್, ಅಂದ್ರೆ ಇರೋ ಮಿತಿಗಳೊಳಗೆ ಅತಿ ಕಮ್ಮಿ ಅಥವಾ ಅತಿ ಜಾಸ್ತಿ ಎಷ್ಟು ಅಂತ ಹುಡುಕೋ ಗಣಿತ, 17.4 ರೋಲ್ ಅಂತ ಉತ್ತರ ಕೊಡ್ಬೋದು, ಪಾಯಿಂಟ್ ನಾಲ್ಕು ರೋಲನ್ನ ಯಾರು ಕತ್ತರಿಸ್ತಾರೆ, ಇಂಟಿಜರ್, ಅಂದ್ರೆ ಪೂರ್ಣ ಸಂಖ್ಯೆ, ಮಾಡ್ಬೇಕು. ಅದಾದ್ಮೇಲೆ ಬ್ಲೇಡ್ ಸೆಟ್ಟಿಂಗ್. ಪ್ರತಿ ಸಲ ಪ್ಯಾಟರ್ನ್ ಬದಲಾದಾಗ್ಲೂ ಮಷೀನ್ ನಿಲ್ಲಿಸ್ಬೇಕು, ಹಾಗಾಗಿ ವೇಸ್ಟ್ ಸ್ವಲ್ಪ ಜಾಸ್ತಿ ಆದ್ರೂ ಪರ್ವಾಗಿಲ್ಲ ಪ್ಯಾಟರ್ನ್ ಕಮ್ಮಿ ಇರ್ಲಿ ಅಂತಾರೆ ಆಪರೇಟರು, ಮ್ಯಾನೇಜರ್ರು ವೇಸ್ಟ್ ಪರ್ಸೆಂಟೇಜ್ ಒಂದನ್ನೇ ನೋಡ್ತಾರೆ. ಹಾಗಾದ್ರೆ ಏನನ್ನ ಮಿನಿಮೈಸ್ ಮಾಡ್ಬೇಕು? ಪೇಪರ್ರಾ, ಟೈಮಾ, ಎರಡನ್ನೂ ಸೇರಿಸಿದ್ರೆ ಯಾವುದಕ್ಕೆ ಎಷ್ಟು ತೂಕ? ಪ್ಯಾಟರ್ನ್ ಕಮ್ಮಿ ಮಾಡೋದು ಬೇರೆ ಪ್ರಾಬ್ಲಮ್ಮೇ, ಇನ್ನೂ ಕಷ್ಟದ್ದು. ಇದನ್ನೆಲ್ಲಾ ಕೇಳಿ ಕೇಳಿ, ಇದು ಗುರಿ, ಅಂದ್ರೆ ಆಬ್ಜೆಕ್ಟಿವ್, ಇವು ಮೀರಬಾರದ ಮಿತಿಗಳು, ಅಂದ್ರೆ ಕನ್‌ಸ್ಟ್ರೇಂಟ್ಸ್ ಅಂತ ಒಂದು ಪುಟದಲ್ಲಿ ಬರೆಯೋದಿದ್ಯಲ್ಲ, ಅದೇ ಕಣೇ ಮ್ಯಾತ್ಸು. ನೀನು ಪರೀಕ್ಷೆಯಲ್ಲಿ ಬಿಡಿಸಿರೋ ಲೆಕ್ಕಗಳಲ್ಲಿ ಆ ಪುಟವನ್ನ ಬೇರೆ ಯಾರೋ ನಿನಗಾಗಿ ಬರೆದಿಟ್ಟಿದ್ರು, ಈ ಸಲ ನೀನು ಬರೀಬೇಕು, ಅಷ್ಟೇ ವ್ಯತ್ಯಾಸ.

ಇದೇ ಕತ್ತರಿಸೋ ಪ್ರಾಬ್ಲಮ್ಮಿಗೆ ಅಂತಾನೇ 1961ರಲ್ಲಿ ಐಬಿಎಂನ ಗಿಲ್ಮೋರ್ ಮತ್ತೆ ಗೊಮೊರಿ ಕಾಲಮ್ ಜನರೇಷನ್, ಅಂದ್ರೆ ಎಲ್ಲಾ ಪ್ಯಾಟರ್ನ್ ಒಟ್ಟಿಗೆ ಬರೆಯದೆ ಬೇಕಾದ್ದನ್ನ ಮಾತ್ರ ಹುಡುಕಿ ಸೇರಿಸೋ ವಿಧಾನ, ಬಳಸಿ ಸಂಶೋಧನಾ ಪೇಪರ್ ಬರೆದ್ರು, ಅದನ್ನ ನೀನು ಓದ್ಲೇಬೇಕು. ಅದಕ್ಕೂ ಹಿಂದೆ, 1938ರಲ್ಲಿ, ಲೆನಿನ್‌ಗ್ರಾಡ್‌ನಲ್ಲಿ ಪ್ಲೈವುಡ್ ಮಾಡೋ ಸಂಸ್ಥೆಯೋರು ಯುನಿವರ್ಸಿಟಿಗೆ ಬಂದು, ಯಾವ ಮಷೀನಿಗೆ ಯಾವ ಮರ ಎಷ್ಟು ಹಾಕಿದ್ರೆ ಜಾಸ್ತಿ ಉತ್ಪಾದನೆ ಆಗುತ್ತೆ ಅಂತ ಕೇಳಿದ್ರು. ಅಲ್ಲಿದ್ದ ಗಣಿತಜ್ಞ ಕ್ಯಾಂಟೊರೊವಿಚ್ ಆಗ ಇಪ್ಪತ್ತಾರು ವರ್ಷದವ್ರು, ಶುದ್ಧ ಗಣಿತದಲ್ಲಿ ಆಗ್ಲೇ ಹೆಸರು ಮಾಡಿದ್ದೋರು, ಇದು ನನ್ನ ಮಟ್ಟದ್ದಲ್ಲ ಅಂತ ವಾಪಸ್ ಕಳಿಸ್ಬೋದಿತ್ತು. ಕಳಿಸ್ಲಿಲ್ಲ. ಅದರಿಂದ 1939ರಲ್ಲಿ ಬಂದ ಚಿಕ್ಕ ಪುಸ್ತಕದಲ್ಲೇ ಲೀನಿಯರ್ ಪ್ರೋಗ್ರಾಮಿಂಗಿನ ಮೂಲ ಇದೆ, ಆ ಲೆಕ್ಕಗಳನ್ನ ಬಿಡಿಸೋ ಡಾಂಟ್ಸಿಗ್ ಅವ್ರ ಸಿಂಪ್ಲೆಕ್ಸ್ ವಿಧಾನ ಬಂದಿದ್ದು 1947ರಲ್ಲಿ. 1975ರಲ್ಲಿ ಕ್ಯಾಂಟೊರೊವಿಚ್ ಅವ್ರಿಗೆ ಎಕನಾಮಿಕ್ಸ್ ನೊಬೆಲ್ ಬಂತು. ನೀನು ನೊಬೆಲ್ ತಗೋ ಅಂತ ಹೇಳ್ತಿಲ್ಲಮ್ಮ, ಇಂಥಾ ಪ್ರಶ್ನೆಗಳಿಗೆ ಗಣಿತದಲ್ಲಿ ಎಷ್ಟು ಆಳ ಇದೆ ಅಂತ ತೋರಿಸ್ತಿದೀನಿ.

ಇನ್ನು ಗೈಡ್ ವಿಷ್ಯ. ನಿಂಗೆ ಇಬ್ರು ಗೈಡ್ ಇದಾರೆ, ಇಬ್ರೂ ಬೇರೆ ಬೇರೆ ಕಡೆ ಎಳೀತಾರೆ ಅಂತ ಅಳ್ತಿದ್ದೆ. ಎಳೀಲೇಬೇಕು. ಕಾಲೇಜಿನ ಮೇಡಂಗೆ ಪ್ರೂಫ್ ಬೇಕು, ಮೆಥಡ್ ಯಾಕೆ ಕನ್ವರ್ಜ್ ಆಗುತ್ತೆ, ಅಂದ್ರೆ ಸರಿ ಉತ್ತರಕ್ಕೆ ಬಂದು ನಿಲ್ಲುತ್ತೆ ಅನ್ನೋದು ಬೇಕು, ಕಂಪನಿ ಸರ್‌ಗೆ ಸೋಮವಾರ ಬೆಳಿಗ್ಗೆ ಮಷೀನ್ ಪಕ್ಕ ಅಂಟಿಸೋಕೆ ಒಂದು ಚಾರ್ಟ್ ಬೇಕು. ಇಬ್ಬರಲ್ಲಿ ಒಬ್ರು ಸುಮ್ನಾದ್ರೆ ಪ್ರಾಜೆಕ್ಟ್ ಕೆಡುತ್ತೆ. ಮೇಡಂ ಕೈಬಿಟ್ರೆ ನೀನು ಸಂಬಳ ಇಲ್ಲದ ಡೇಟಾ ಎಂಟ್ರಿ ಆಪರೇಟರ್ ಆಗ್ತೀಯ, ಕಂಪನಿಯೋರು ಕೈಬಿಟ್ರೆ ಮಷೀನನ್ನೇ ನೋಡದೆ ರಿಪೋರ್ಟ್ ಬರೀತೀಯ. ಅಮೆರಿಕದ ಹಾರ್ವೆ ಮಡ್ ಕಾಲೇಜಲ್ಲಿ ಗಣಿತದೋರಿಗೆ 1973ರಿಂದ ಕ್ಲಿನಿಕ್ ಅಂತ ನಡೀತಿದೆ, ಕಂಪನಿ ಕೊಟ್ಟ ಪ್ರಾಬ್ಲಂ ಮೇಲೆ ಹುಡುಗ್ರು ಟೀಮಾಗಿ ಇಡೀ ವರ್ಷ ಕೆಲ್ಸ ಮಾಡ್ತಾರೆ, ಅಲ್ಲೂ ಅಷ್ಟೇ, ಕಾಲೇಜಿಂದ ಒಬ್ರು ಅಡ್ವೈಸರ್, ಕಂಪನಿಯಿಂದ ಒಬ್ರು. ಹಾಗಾಗಿ ಇಬ್ಬರನ್ನೂ ಒಂದೇ ಮೀಟಿಂಗಿಗೆ ಕೂರಿಸು, ತಿಂಗಳಿಗೊಮ್ಮೆ ಆದ್ರೂ ಸಾಕು. ಅವ್ರು ಹೇಳಿದ್ದನ್ನ ಇವ್ರಿಗೆ, ಇವ್ರು ಹೇಳಿದ್ದನ್ನ ಅವ್ರಿಗೆ ಮುಟ್ಟಿಸೋ ಕೆಲ್ಸ ನಿಂದಲ್ಲ. ಮೀಟಿಂಗ್ ಆದ ಸಂಜೆಯೇ ಏನು ತೀರ್ಮಾನ ಆಯ್ತು ಅಂತ ನಾಲ್ಕು ಸಾಲು ಇಬ್ರಿಗೂ ಮೇಲ್ ಹಾಕು, ಆಮೇಲೆ ನಾನು ಹಾಗೆ ಹೇಳೇ ಇಲ್ಲ ಅನ್ನೋ ಮಾತು ಬರಲ್ಲ.

ಗೈಡ್ ದೊಡ್ಡೋರು, ಅವ್ರಿಗೆಲ್ಲಾ ಗೊತ್ತಿರುತ್ತೆ ಅಂತ ಕಾಯ್ಬೇಡ. ಡಬ್ಲಿನ್‌ನಲ್ಲಿ ಗಿನ್ನೆಸ್ ಬಿಯರ್ ಕಂಪನಿಯ ಗಾಸೆಟ್ 1906ರಲ್ಲಿ ಲಂಡನ್ನಿಗೆ ಹೋಗಿ ಕಾರ್ಲ್ ಪಿಯರ್ಸನ್ ಹತ್ರ ಕೆಲ್ಸ ಕಲಿತ್ರು, ಆ ಕಾಲಕ್ಕೆ ಸ್ಟ್ಯಾಟಿಸ್ಟಿಕ್ಸಲ್ಲಿ ಅವ್ರಿಗಿಂತ ದೊಡ್ಡ ಗೈಡ್ ಇಲ್ಲ, ಆದ್ರೆ ಪಿಯರ್ಸನ್‌ಗೆ ದೊಡ್ಡ ದೊಡ್ಡ ಸ್ಯಾಂಪಲ್ ಅಭ್ಯಾಸ. ಬಾರ್ಲಿ ಪ್ರಯೋಗದಲ್ಲಿ ಸಿಗೋದು ಬೆರಳೆಣಿಕೆ ಸಂಖ್ಯೆ, ಅದರ ಕಷ್ಟ ಗೊತ್ತಿದ್ದಿದ್ದು ಗಾಸೆಟ್‌ಗೆ. ಅದರ ಬಗ್ಗೆ ಅವ್ರು 1908ರಲ್ಲಿ ಬರೆದ ಪೇಪರಿಂದಾನೇ, ಚಿಕ್ಕ ಸ್ಯಾಂಪಲ್ಲಿಂದ ತೀರ್ಮಾನಕ್ಕೆ ಬರೋಕೆ ಬಳಸೋ ಟಿ-ಟೆಸ್ಟ್ ಬಂದಿದ್ದು. ಕಂಪನಿ ಸ್ವಂತ ಹೆಸರಲ್ಲಿ ಬರೆಯೋಕೆ ಬಿಡ್ಲಿಲ್ಲ, ಅದಕ್ಕೇ ಸ್ಟೂಡೆಂಟ್ ಅನ್ನೋ ಹೆಸರಲ್ಲಿ ಪ್ರಿಂಟಾಯ್ತು.

ಕಂಪನಿ ಗುಟ್ಟು ಹೊರಗೆ ಹೋಗ್ಬಾರ್ದು ಅನ್ನೋ ಆ ವಿಷ್ಯ ನಿಂಗೂ ಬರುತ್ತೆ. ಕಂಪನಿಯೋರು ಅಗ್ರಿಮೆಂಟ್ ಕೊಟ್ರೆ ಓದದೆ ಸೈನ್ ಮಾಡ್ಬೇಡ, ಮೇಡಂಗೆ ತೋರಿಸು. ಎಕ್ಸಾಮಿನರ್ ರಿಪೋರ್ಟ್ ಓದ್ಬೋದಾ, ವೈವಾದಲ್ಲಿ ನಂಬರ್ ತೋರಿಸ್ಬೋದಾ, ಕೋಡ್ ಯಾರದ್ದು, ಇಷ್ಟು ಈಗ್ಲೇ ಕೇಳು. ಕೊನೇ ವಾರದಲ್ಲಿ ಈ ನಂಬರೆಲ್ಲಾ ತೆಗೀರಿ ಅಂದ್ರೆ ರಿಪೋರ್ಟಲ್ಲಿ ಏನೂ ಉಳಿಯಲ್ಲ.

ಡೇಟಾ ಕ್ಲೀನಿಂಗ್ ಬಗ್ಗೆ ಬೇಜಾರ್ ಮಾಡ್ಕೋಬೇಡ, ಹಾಗಂತ ಅದ್ರಲ್ಲೇ ಮುಳುಗೂ ಹೋಗ್ಬೇಡ. ಮೊದ್ಲು ಹಳೇ ಆರ್ಡರ್‌ಗಳದ್ದು ಒಂದು ತಿಂಗಳಿಂದು ತಗೊಂಡು, ಪ್ಲಾನಿಂಗ್‌ನೋರು ಕೈಯಲ್ಲಿ ಮಾಡಿದಾಗ ನಿಜವಾಗ್ಲೂ ಎಷ್ಟು ವೇಸ್ಟ್ ಆಗಿದೆ ಅಂತ ಲೆಕ್ಕ ಹಾಕು. ಆ ನಂಬರ್ ಇಲ್ದೆ ನಿನ್ನ ಮಾಡೆಲ್ ಚೆನ್ನಾಗಿದೆ ಅಂತ ಯಾರಿಗೂ ಹೇಳೋಕಾಗಲ್ಲ. ಇಷ್ಟು ವರ್ಷ ಅನುಭವ ಇರೋರು ಕೈಯಲ್ಲೇ ಬಹಳ ಹತ್ರ ಬಂದಿರ್ತಾರೆ, ನಿಂದು ಅವ್ರಿಗಿಂತ ಬರೀ ಅರ್ಧ ಪರ್ಸೆಂಟ್ ಮೇಲಾದ್ರೂ ಅದನ್ನೇ ಇದ್ದ ಹಾಗೆ ಬರಿ. ಮೇಲಾಗ್ಲೇ ಇಲ್ಲ ಅಂದ್ರೆ ಯಾಕೆ ಆಗಲ್ಲ ಅಂತ ಲೋಯರ್ ಬೌಂಡ್, ಅಂದ್ರೆ ವೇಸ್ಟ್ ಇದಕ್ಕಿಂತ ಕಮ್ಮಿ ಆಗೋಕೇ ಸಾಧ್ಯ ಇಲ್ಲ ಅನ್ನೋ ಮಿತಿ, ಹಾಕಿ ತೋರಿಸು, ಮೇಡಂಗೆ ಬೇಕಾದ ಪ್ರೂಫು ಅಲ್ಲೇ ಇರುತ್ತೆ, ಕಂಪನಿಗೂ ಇನ್ನು ಇದಕ್ಕೆ ದುಡ್ಡು ಸುರಿಯೋದು ಬೇಡ ಅಂತ ತಿಳಿಯುತ್ತೆ. ನನ್ನ ಪ್ರಕಾರ ಅದು ಪೂರ್ತಿ ಮಾರ್ಕ್ಸ್ ಕೊಡ್ಬೇಕಾದ ಪ್ರಾಜೆಕ್ಟು.

ನಾಳೆ ಹೋದಾಗ ಎಕ್ಸೆಲ್ ತೆರೀಬೇಡ. ಒಂದು ಶಿಫ್ಟ್ ಪೂರ್ತಿ ಮಷೀನ್ ಹತ್ರ ನಿಂತ್ಕೋ, ಆಪರೇಟರ್‌ಗೆ ತೊಂದ್ರೆ ಆಗ್ದಿರೋ ಹಾಗೆ ಬ್ಲೇಡ್ ಬದಲಾಯಿಸೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಗಡಿಯಾರ ನೋಡಿ ಬರ್ಕೋ, ಉಳಿದ ಪೇಪರ್ ಚೂರು ಎಲ್ಲಿಗೆ ಹೋಗುತ್ತೆ ಅಂತ ಕೇಳು, ಅದನ್ನೂ ಮಾರ್ತಾರೆ ಅಂದ್ರೆ ನಿನ್ನ ಕಾಸ್ಟ್ ಫಂಕ್ಷನ್ನೇ, ಅಂದ್ರೆ ಖರ್ಚಿನ ಲೆಕ್ಕವೇ, ಬದಲಾಗುತ್ತೆ. ಆಮೇಲೆ ಆ ಒಂದು ಪುಟ ಬರೆದು ಮೊದ್ಲು ಮೇಡಂಗೆ ಕೊಡು, ನಂಗೂ ಒಂದು ಕಾಪಿ ಕಳಿಸು, ಕಂಪನಿ ಹೆಸರು, ನಂಬರ್ ತೆಗೆದು ಕಳಿಸು. ನಾನು ರಾತ್ರಿ ಓದಿ, ಎಲ್ಲಿ ಅರ್ಥ ಆಗ್ಲಿಲ್ಲ ಅಂತ ಪಕ್ಕದಲ್ಲಿ ಗುರುತು ಹಾಕಿ ವಾಪಸ್ ಕಳಿಸ್ತೀನಿ.

ನಿನ್ನ
ಅಮ್ಮ