ಹಳೇ ಬ್ಯಾಟನ್ನು ಇನ್ನು ಉಜ್ಜಿ ಕೊಡುವುದಿಲ್ಲ: ನಮ್ಮ ಗ್ರಾಹಕರಿಗೊಂದು ಪತ್ರ

ನಾಟಿಂಗ್‌ಹ್ಯಾಮ್

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ಇಂಗ್ಲೆಂಡಿನ ನಮ್ಮ ಹಳೇ ಆಟದ ಸಾಮಾನಿನ ಅಂಗಡಿಯಿಂದ ಕಳೆದ ವಾರ ಕಳಿಸಿದ ಹೊಸ ಬೆಲೆ ಪಟ್ಟಿ ನೋಡಿ ನಿಮ್ಮಲ್ಲಿ ಬಹಳ ಜನಕ್ಕೆ ಬೇಜಾರಾಗಿದೆ. ಕೆಲವರು ಫೋನಿನಲ್ಲಿ ಜಗಳವನ್ನೇ ಆಡಿದಿರಿ. ಆಡುವ ಹಕ್ಕು ನಿಮಗಿದೆ. ಬದಲಾವಣೆಯನ್ನು ಮೊದಲೇ ತಿಳಿಸಿ ಆಮೇಲೆ ಪಟ್ಟಿ ಕಳಿಸಬೇಕಿತ್ತು. ನಾವು ಹಾಗೆ ಮಾಡಲಿಲ್ಲ. ತಪ್ಪಾಯಿತು, ಕ್ಷಮಿಸಿ.

ಬದಲಾಗಿರುವುದು ಇಷ್ಟು. ಹಳೇ ಬ್ಯಾಟು, ಪ್ಯಾಡು, ಗ್ಲೌಸು, ಟೆನ್ನಿಸ್ ರಾಕೆಟ್ಟು ಯಾವುದನ್ನೂ ನಾವು ಇನ್ನು ಉಜ್ಜಿ, ಎಣ್ಣೆ ಹಚ್ಚಿ ಹೊಳೆಯುವ ಹಾಗೆ ಮಾಡಿ ಕೊಡುವುದಿಲ್ಲ. ಸಿಕ್ಕ ಹಾಗೇ ಕೊಡುತ್ತೇವೆ. 'ವಿಕ್ಟೋರಿಯಾ ಕಾಲದ್ದು' ಅನ್ನುವ ಚೀಟಿಯನ್ನು, ವಿಕ್ಟೋರಿಯಾ ರಾಣಿ ತೀರಿಕೊಂಡ 1901ಕ್ಕೆ ಮುಂಚಿನದು ಅನ್ನುವುದಕ್ಕೆ ಆ ವಸ್ತುವಿನ ಮೇಲೇ ಪುರಾವೆ ಇದ್ದರೆ ಮಾತ್ರ ಕಟ್ಟುತ್ತೇವೆ. ಪುರಾವೆ ಇಲ್ಲದ್ದಕ್ಕೆ 'ಹಳೆಯದು' ಅಂತಷ್ಟೇ ಬರೆಯುತ್ತೇವೆ. ಚೀಟಿ ಇರುವ ಸಾಮಾನಿನ ಬೆಲೆ ಏರಿದೆ. 'ಹಳೆಯದು' ಅಂತ ಬರೆದವುಗಳ ಬೆಲೆ ಇಳಿದಿದೆ. ಇಳಿದದ್ದನ್ನು ಮಾತ್ರ ಯಾರೂ ಗಮನಿಸಿದಂತಿಲ್ಲ, ದಯವಿಟ್ಟು ಪಟ್ಟಿಯ ಎರಡನೇ ಪುಟ ನೋಡಿ.

ಹೆಚ್ಚುಕಮ್ಮಿ ಎಲ್ಲರೂ ಕೇಳಿದ್ದು ಒಂದೇ ಮಾತು. "ಮೊದಲು ಚೆನ್ನಾಗಿ ಪಾಲಿಶ್ ಮಾಡಿ ಕೊಡ್ತಿದ್ರಿ, ರೇಟೂ ಕಡಿಮೆ ಇತ್ತು. ಈಗ ಕೊಳೆ ಸಮೇತ ಕೊಟ್ಟು ಜಾಸ್ತಿ ಕೇಳ್ತೀರಿ. ಕೆಲಸ ಕಡಿಮೆ, ದುಡ್ಡು ಜಾಸ್ತಿ, ಇದ್ಯಾವ ನ್ಯಾಯ?"

ಇದಕ್ಕೆ ಸ್ವಲ್ಪ ಉದ್ದವಾಗೇ ಉತ್ತರ ಹೇಳುತ್ತೇನೆ.

ಕಳೆದ ಚಳಿಗಾಲದಲ್ಲಿ ಒಂದು ಬ್ಯಾಟ್ ಬಂತು. ಯಾರದೋ ಹಳೇ ಮನೆ ಖಾಲಿ ಮಾಡುವಾಗ ಅಟ್ಟದಲ್ಲಿ ಸಿಕ್ಕಿದ್ದು. ಎಣ್ಣೆ, ಹೊಗೆ, ಧೂಳು ಸೇರಿ ಒಲೆ ಮೇಲಿನ ಬಾಣಲೆಯ ಹಾಗೆ ಕಪ್ಪಾಗಿತ್ತು. ಯಾವಾಗಲೂ ಮಾಡುವ ಹಾಗೆ ನನ್ನ ತಮ್ಮ ಉಪ್ಪುಕಾಗದ ತೆಗೆದುಕೊಂಡು ಹಿಡಿಕೆಯ ಕೆಳಗಿನ ಭಾಗದಿಂದ ಉಜ್ಜಲು ಶುರು ಮಾಡಿದ. ಹತ್ತು ನಿಮಿಷ ಆಗಿರಬೇಕು. ತಿಳಿ ಬಣ್ಣದ ಮರ ಕಾಣಿಸಿತು, ಅದರ ಪಕ್ಕದಲ್ಲಿ ಏನೋ ಗೀಟು ಇದೆ ಅಂತ ನನ್ನನ್ನು ಕರೆದ. ಅಂಗಡಿ ದೀಪ ಆರಿಸಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದೆವು. ಅಕ್ಷರಗಳು. 'ವೆಂಟ್ರಿ ಸ್ಟ್ರೀಟ್' ಅಂತ ಓದಲು ಬಂತು. ಅದರ ಹಿಂದಿನ ಅಕ್ಷರ, ಮೇಲಿನ ಸಾಲು, ಮಾಡಿದವರ ಹೆಸರು, ಎಲ್ಲ ನೆಲದ ಮೇಲೆ ಪುಡಿಯಾಗಿ ಬಿದ್ದಿತ್ತು.

ಕವೆಂಟ್ರಿ ಸ್ಟ್ರೀಟ್ ಅಂದರೆ ಏನು ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತು. 1855ರಲ್ಲಿ ಆ ಕಾಲದ ಕ್ರಿಕೆಟ್ ಆಟಗಾರ ಜಾನ್ ವಿಸ್ಡನ್ ಮತ್ತು ಫ್ರೆಡ್ ಲಿಲ್ಲಿವೈಟ್ ಸೇರಿ ಕ್ರಿಕೆಟ್ ಸಾಮಾನಿನ ಅಂಗಡಿ ಹಾಕಿದ್ದು ಲಂಡನ್ನಿನ ಆ ಬೀದಿಯಲ್ಲೇ. ಪಾಲುದಾರಿಕೆ ಬೇಗ ಮುರಿಯಿತು. ಮುಂದೆ ವಿಸ್ಡನ್ ಅಂಗಡಿ ಕ್ರಾನ್‌ಬೋರ್ನ್ ಸ್ಟ್ರೀಟಿಗೆ ಹೋಯಿತು. ಹಾಗಾಗಿ ಒಂದೇ ಹೆಸರಿನ ಎರಡು ಬ್ಯಾಟಿನಲ್ಲಿ ಯಾವುದು ಮುಂಚಿನದು ಅಂತ ಹೇಳುವುದು ವಿಳಾಸ. ನಮ್ಮ ಬ್ಯಾಟಿನಲ್ಲಿ ವಿಳಾಸ ಅರ್ಧ ಉಳಿಯಿತು, ಹೆಸರು ಹೋಯಿತು. ಅದು ವಿಸ್ಡನ್ನರ ಅಂಗಡಿಯದೋ, ಅದೇ ಬೀದಿಯ ಇನ್ಯಾರದೋ ಅಂತ ಇನ್ನು ಯಾರೂ ಹೇಳಲಾರರು. ಅಷ್ಟು ವರ್ಷ ಆಟ, ಮಳೆ, ಅಟ್ಟದ ಹುಳ ಎಲ್ಲ ತಡೆದುಕೊಂಡಿದ್ದ ಮುದ್ರೆ ನಮ್ಮ ಕೈಯಲ್ಲಿ ಹತ್ತು ನಿಮಿಷ ಉಳಿಯಲಿಲ್ಲ. ಅವತ್ತು ರಾತ್ರಿ ತಮ್ಮ ಊಟ ಮಾಡಲಿಲ್ಲ. ನನಗೂ ಸೇರಲಿಲ್ಲ. ಇದಕ್ಕೆ ಮುಂಚೆ ಎಷ್ಟು ಬ್ಯಾಟು ಹೀಗೆ ಉಜ್ಜಿ ನಿಮ್ಮ ಮನೆಗೆ ಕಳಿಸಿದ್ದೇವೆ ಅಂತ ಲೆಕ್ಕ ಹಾಕುತ್ತಾ ಕೂತಿದ್ದೆವು.

ನೀವು ಕೊಳೆ ಅನ್ನುವುದರಲ್ಲೇ ಆ ಬ್ಯಾಟಿನ ಜಾತಕ ಇದೆ. ಕೆಂಪು ಚೆಂಡಿನ ಕಲೆ, ಹಿಡಿಕೆಗೆ ಸುತ್ತಿದ ದಾರ, ಯಾವುದೋ ಕ್ಲಬ್ಬಿನ ಹುಡುಗ ಚಾಕುವಿನಲ್ಲಿ ಕೆತ್ತಿದ ಎರಡು ಅಕ್ಷರ. ಇದನ್ನೆಲ್ಲ ತೆಗೆದರೆ ಉಳಿಯುವುದು ಬರೀ ವಿಲೋ ಮರ.

ಹಾಗಾದರೆ ಕೆಲಸ ಕಡಿಮೆ ಆಯಿತಾ? ಇಲ್ಲ. ಈಗ ಒಂದೊಂದು ಸಾಮಾನಿನ ಮುಂದೆ ಗಂಟೆಗಟ್ಟಲೆ ಕೂರುತ್ತೇವೆ. ಹಿಡಿಕೆಯಿಂದ ಶುರು. ಬೆತ್ತದ ಹಿಡಿಕೆ ತಂದ ಹೆಗ್ಗಳಿಕೆ ನಮ್ಮ ನಾಟಿಂಗ್‌ಹ್ಯಾಮ್‌ಶೈರ್ ಆಟಗಾರ ಥಾಮಸ್ ನಿಕ್ಸನ್ ಅವರಿಗೆ ಸಲ್ಲುತ್ತದೆ, 1853ರಲ್ಲಿ. ಬೆಂಡಿನ ಪ್ಯಾಡು ಮಾಡಿದವರೂ ಅವರೇ, 1841ರಲ್ಲಿ. ಹಾಗಾಗಿ ಬೆತ್ತದ ಹಿಡಿಕೆಯ ಬ್ಯಾಟನ್ನು ಯಾರಾದರೂ 1840ರದ್ದು ಅಂತ ಮಾರಲು ಬಂದರೆ ನಾವು ಬಾಗಿಲಲ್ಲೇ ಬೇಡ ಅನ್ನುತ್ತೇವೆ. ಗನ್ ಅಂಡ್ ಮೂರ್ ಮುದ್ರೆ ಇದ್ದರೆ 1885ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ, ಆ ಕಂಪನಿ ಹುಟ್ಟಿದ್ದೇ ಆ ವರ್ಷ, ಇದೇ ಊರಲ್ಲಿ. ರಾಕೆಟ್ಟಿನ ಮೇಲೋ, ಸುತ್ತಿಗೆಯಂಥ ಕೋಲಿನಿಂದ ಚೆಂಡು ಹೊಡೆಯುವ ಕ್ರೋಕೆ ಆಟದ ಪೆಟ್ಟಿಗೆಯ ಮೇಲೋ 'ಆರ್‌ಡಿ' (Rd, ಅಂದರೆ ರಿಜಿಸ್ಟರ್ಡ್) ಅಂತ ಇದ್ದು ಮುಂದೆ ನಂಬರ್ ಇದ್ದರೆ ಅದು 1884ರಿಂದ ಈಚಿನದು. ಅದಕ್ಕೆ ಹಿಂದೆ ಡಿಸೈನ್ ನೋಂದಣಿಗೆ ವಜ್ರಾಕಾರದ ಗುರುತು ಹಾಕುತ್ತಿದ್ದರು. 'ಮೇಡ್ ಇನ್ ಇಂಗ್ಲೆಂಡ್' ಅಂತಿದ್ದರೆ ಬಹುತೇಕ ವಿಕ್ಟೋರಿಯಾ ರಾಣಿ ತೀರಿಕೊಂಡ ಮೇಲಿನದು. ಇಷ್ಟು ನೋಡಿದ ಮೇಲೂ ಐದು ಬ್ಯಾಟಿನಲ್ಲಿ ಒಂದಕ್ಕೆ ಚೀಟಿ ಕಟ್ಟಿದರೆ ನಮಗೆ ಅದೇ ಹಬ್ಬ. ಉಳಿದ ನಾಲ್ಕಕ್ಕೂ ನಾವು ದುಡ್ಡು ಕೊಟ್ಟಿರುತ್ತೇವೆ, ಅಲ್ವಾ?

ಆ ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. "ಹರಾಜಿನಲ್ಲಿ 100 ಪೌಂಡಿಗೆ ಹೋದ ಬ್ಯಾಟು ನಿಮ್ಮ ಪಟ್ಟಿಯಲ್ಲಿ ಇಷ್ಟಾ?" ಅಂತ ಒಬ್ಬರು ಕೇಳಿದರು. ಕೂಗು 100ಕ್ಕೆ ನಿಂತಿತು, ನಿಜ. ಹರಾಜು ಮನೆಯ ಕಮಿಷನ್ 25%. ಆ ಕಮಿಷನ್ ಮೇಲೆ 20% ವ್ಯಾಟ್. ಬಾಗಿಲು ದಾಟುವ ಹೊತ್ತಿಗೆ 130 ಪೌಂಡ್ ಆಗಿರುತ್ತದೆ. ಕೊರಿಯರ್‌ನವರು ತೂಕಕ್ಕಿಂತ ಡಬ್ಬದ ಉದ್ದಗಲ ನೋಡಿ ದುಡ್ಡು ಹಾಕುತ್ತಾರೆ. ಬ್ಯಾಟಿನ ಡಬ್ಬ ಎಷ್ಟುದ್ದ ಇರುತ್ತದೆ ಅಂತ ನೀವೇ ನೋಡಿದ್ದೀರಿ. ಇನ್ನು ಬೆಂಗಳೂರು, ಮೈಸೂರಿನ ಗ್ರಾಹಕರು ಅಲ್ಲಿ ಕಟ್ಟಿದ ಕಸ್ಟಮ್ಸ್ ಸುಂಕದಲ್ಲಿ ಒಂದು ಪೈಸೆಯೂ ನಮ್ಮ ಕೈಗೆ ಬರುವುದಿಲ್ಲ. ಅದನ್ನು ನಾವು ಸೇರಿಸಿ ನುಂಗುತ್ತೇವೆ ಅನ್ನುವ ಮಾತು ಕೇಳಿ ಬಹಳ ನೋವಾಯಿತು. ಬೇಕಾದವರಿಗೆ ನಮ್ಮ ರಸೀದಿಗಳನ್ನು ಮೊಬೈಲಿಗೇ ಕಳಿಸುತ್ತೇನೆ.

ದಂತದ ಬಿಲಿಯರ್ಡ್ಸ್ ಚೆಂಡು ಯಾಕೆ ಪಟ್ಟಿಯಲ್ಲಿಲ್ಲ ಅಂತ ಕೇಳಿದವರಿಗೆ: 2022ರ ಜೂನ್‌ನಿಂದ ಇಲ್ಲಿ ಆನೆ ದಂತದ ವ್ಯಾಪಾರಕ್ಕೆ ನಿಷೇಧ ಇದೆ. ತಪ್ಪಿದರೆ 2,50,000 ಪೌಂಡಿನವರೆಗೆ ದಂಡ, ಇಲ್ಲವೇ 5 ವರ್ಷದವರೆಗೆ ಜೈಲು. ಕಾನೂನು ಸರಿಯಾಗೇ ಇದೆ. ಇನ್ನು ಹಿಡಿಕೆಯೊಳಗೆ ತಿಮಿಂಗಿಲದ ಬಾಯೊಳಗಿನ ಬಾಗುವ ಪಟ್ಟಿ ಸೇರಿಸಿದ ಬ್ಯಾಟುಗಳು ಆ ಕಾಲದಲ್ಲಿ ಇದ್ದವು. ಪರ್ಮಿಟ್ ಇಲ್ಲದೆ ಅವನ್ನು ಬೇರೆ ದೇಶಕ್ಕೆ ಕಳಿಸುವ ಹಾಗಿಲ್ಲ. ದಯವಿಟ್ಟು ಒತ್ತಾಯ ಮಾಡಬೇಡಿ.

ಗ್ಲೌಸಿನ ವಿಷಯ ಒಂದು ಮಾತು. ಬೆರಳಿನ ಹಿಂದೆ ರಬ್ಬರ್ ಕೊಳವೆ ಹೊಲಿದ ಗ್ಲೌಸು ತೆಗೆದುಕೊಂಡ ಇಬ್ಬರು, ಡಬ್ಬದಲ್ಲಿ ಕಪ್ಪು ಪುಡಿ ಬಿದ್ದಿತ್ತು ಅಂದರು. ಆ ರಬ್ಬರು ಈಗ ಒಣ ಹಪ್ಪಳದ ಹಾಗಾಗಿದೆ. ಮುಟ್ಟಿದರೆ ಚೂರಾಗುತ್ತದೆ. ಅದನ್ನು ಮೃದು ಮಾಡುವ ದಾರಿ ನಮಗೆ ಗೊತ್ತಿಲ್ಲ, ಆದರೆ ಇನ್ನು ಮೇಲೆ ಸಪಾಟಾಗಿ ಮಲಗಿಸಿ, ಹತ್ತಿ ಬಟ್ಟೆಯ ಮಧ್ಯೆ ಇಟ್ಟು ಕಳಿಸುತ್ತೇವೆ. ಕೈಗೆ ಹಾಕಿಕೊಳ್ಳಬೇಡಿ. ಮಕ್ಕಳು ಕೇಳಿದರೂ ಕೊಡಬೇಡಿ.

ಈಗ ನಮಗೆ ಬರೆಯಲು ಕಷ್ಟವಾಗುವ ವಿಷಯ. ನಿಮ್ಮಲ್ಲಿ ಹಲವರು 'ರಣಜಿ ಕಾಲದ ಬ್ಯಾಟ್' ಕೇಳಿ ತೆಗೆದುಕೊಂಡಿರಿ. ಆ ಆಸೆ ನನಗೆ ಅರ್ಥವಾಗುತ್ತದೆ. ರಣಜಿ ಟ್ರೋಫಿಯ ಸ್ಕೋರನ್ನು ರೇಡಿಯೋದಲ್ಲಿ ಕೇಳಿ ಬೆಳೆದವರು ನಾವು. ಆ ಟ್ರೋಫಿಗೆ ಹೆಸರು ಕೊಟ್ಟ ರಣಜಿತ್‌ಸಿಂಹಜಿ 1896ರಲ್ಲಿ ಮ್ಯಾಂಚೆಸ್ಟರಿನಲ್ಲಿ ಇಂಗ್ಲೆಂಡ್ ಪರ ಮೊದಲ ಟೆಸ್ಟ್ ಆಡಿ 62, ಆಮೇಲೆ ಔಟಾಗದೆ 154 ಹೊಡೆದಾಗ ವಿಕ್ಟೋರಿಯಾ ರಾಣಿ ಇನ್ನೂ ಇದ್ದರು. ಆದರೆ ಇಲ್ಲಿನ ಸಸೆಕ್ಸ್ ಕೌಂಟಿ ತಂಡದ ಪರ ಅವರು ಕೊನೆಯ ಸಲ ಆಡಿದ್ದು 1920ರಲ್ಲಿ. ಮುದ್ರೆ ಇಲ್ಲದ ಬ್ಯಾಟು 1896ರದ್ದೋ 1910ರದ್ದೋ ಅಂತ ಬರೀ ಕಣ್ಣಲ್ಲಿ ನೋಡಿ ಹೇಳಲು ನಮ್ಮಿಂದ ಆಗುವುದಿಲ್ಲ. ಆಗುತ್ತದೆ ಅಂದುಕೊಂಡು ಕೆಲವಕ್ಕೆ ವಿಕ್ಟೋರಿಯಾ ಚೀಟಿ ಕಟ್ಟಿದ್ದೆವು. ಮೋಸ ಮಾಡುವ ಉದ್ದೇಶ ಇರಲಿಲ್ಲ. ಆದರೂ ಹೇಳಿದ್ದು ನಾವೇ, ಹೊಣೆಯೂ ನಮ್ಮದೇ.

ಹಾಗಾಗಿ ನಮ್ಮ ಚೀಟಿ ನಂಬಿ ತೆಗೆದುಕೊಂಡ ಯಾವುದೇ ಸಾಮಾನನ್ನು, ಎಷ್ಟು ವರ್ಷದ ಹಿಂದೆ ಕೊಂಡದ್ದಾದರೂ, ವಾಪಸ್ ಕಳಿಸಿ. ಪುರಾವೆ ಸಿಕ್ಕರೆ ಅದನ್ನು ಬರೆದು, ಸಹಿ ಹಾಕಿ ತಿರುಗಿ ಕಳಿಸುತ್ತೇನೆ. ಸಿಗದಿದ್ದರೆ ನೀವು ಕೊಟ್ಟ ಪೂರ್ತಿ ದುಡ್ಡು ವಾಪಸ್. ಕೊರಿಯರ್ ಖರ್ಚು ಎರಡೂ ಕಡೆಯದು ನಮ್ಮದು. ಇದು ನಮಗೆ ಹಗುರದ ಖರ್ಚಲ್ಲ, ಆದರೆ ನೀವು ಗೋಡೆಗೆ ಹಾಕಿಕೊಂಡು ನಾಲ್ಕು ಜನಕ್ಕೆ ತೋರಿಸುವ ವಸ್ತುವಿನ ಬಗ್ಗೆ ನಾವು ಸುಮ್ನೆ ಅಂದಾಜಿನಲ್ಲಿ ಹೇಳಿದ ಮಾತು ಉಳಿಯಬಾರದು.

ಹತ್ತಿರದಲ್ಲಿ ಇರುವವರು ಶನಿವಾರ ಅಂಗಡಿಗೇ ತನ್ನಿ. ಟಾರ್ಚ್ ಹಿಡಿದು ಒಟ್ಟಿಗೆ ನೋಡೋಣ, ಕಾಫಿ ಕುಡಿಯೋಣ. ಬೇರೆ ಕಡೆ ಕೊಂಡ ಬ್ಯಾಟಾದರೂ ಪರವಾಗಿಲ್ಲ, ನೋಡುವುದಕ್ಕೆ ದುಡ್ಡಿಲ್ಲ. 'ವೆಂಟ್ರಿ ಸ್ಟ್ರೀಟ್' ಬ್ಯಾಟು ಗಲ್ಲಾಪೆಟ್ಟಿಗೆಯ ಹಿಂದೆ ನೇತುಹಾಕಿದ್ದೇವೆ. ಅದು ಮಾರಾಟಕ್ಕಿಲ್ಲ.

ಬ್ಯಾಟು ಕಳಿಸುವವರು ದಯವಿಟ್ಟು ಅದನ್ನು ಒರೆಸಬೇಡಿ, ಅಗಸೆ ಎಣ್ಣೆ ಹಚ್ಚಬೇಡಿ, ಹಿಡಿಕೆಯ ದಾರ ಬಿಚ್ಚಬೇಡಿ. ಇದ್ದ ಹಾಗೇ ಹಳೇ ಪಂಚೆಯಲ್ಲೋ ಸೀರೆಯಲ್ಲೋ ಸುತ್ತಿ ಕಳಿಸಿ. ಬಟ್ಟೆಯನ್ನು ಒಗೆದು ವಾಪಸ್ ಕೊಡುತ್ತೇವೆ.

ನಿಮ್ಮ ವಿಶ್ವಾಸಿ,
ಅಂಗಡಿಯವನು, ತಮ್ಮನ ಪರವಾಗಿಯೂ